ಅಜ್ಜ ಒತ್ತಿದ ‘ಯೆಸ್’

ನಮ್ಮ ಅಜ್ಜನ ಮರ್ಯಾದೆಯ ಕಥೆಯನ್ನು ಬಂಧುಗಳೆಲ್ಲ ಹೇಳಿಕೊಂಡು ನಗುತ್ತಾರೆ. ಧಾರವಾಡದ ಮನುಷ್ಯ, ಬಾಗಿಲಿಗೆ ಬಂದವರಿಗೆ ಇಲ್ಲ ಎಂದವರಲ್ಲ, ಕಂಪ್ಯೂಟರ್ ಕೇಳಿದ್ದಕ್ಕೂ ಇಲ್ಲ ಎನ್ನಲಿಲ್ಲ, ಕಡೆಗೆ ಆ ಕಂಪ್ಯೂಟರೇ ಸುಸ್ತಾಗಿ ಕೂತುಬಿಟ್ಟಿತು ಎಂದು. ಕಥೆ ಚೆನ್ನಾಗಿದೆ. ಅಷ್ಟು ಚೆನ್ನಾಗಿರುವುದರಿಂದಲೇ ನನಗೆ ಅನುಮಾನ. ಸಭೆ ನಕ್ಕ ಮಾತ್ರಕ್ಕೆ ವಾದ ಗೆದ್ದಂತಲ್ಲ ಎಂಬುದನ್ನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಸೋತು ಸೋತು ಕಲಿತವಳು ನಾನು.

ಮನೆಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತು. ಕೆಲಗೇರಿ ಕಡೆಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಕಂಪ್ಯೂಟರ್ ಇತ್ತು. ಹುಬ್ಬಳ್ಳಿಯ ಕಾಕಾ ಕೊಡಿಸಿದ್ದು. ಧೂಳು ಬೀಳಬಾರದೆಂದು ಅಜ್ಜಿ ಅದಕ್ಕೆ ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದಳು. ದಿನಾ ಬೆಳಿಗ್ಗೆ ಆ ಬಟ್ಟೆ ತೆಗೆದು ಮಡಚಿಟ್ಟು ಕೂರುತ್ತಿದ್ದವರು ಅಜ್ಜ, ನಿವೃತ್ತ ಗಣಿತದ ಮಾಸ್ತರರು. ಗದಗಿನಲ್ಲಿದ್ದ ಹಳೆಯ ಸ್ನೇಹಿತರೊಬ್ಬರ ಜೊತೆ ಅವರು ವರ್ಷಗಟ್ಟಲೆ ಪೋಸ್ಟ್ ಕಾರ್ಡಿನಲ್ಲಿ ಚದುರಂಗ ಆಡುತ್ತ ಬಂದಿದ್ದರು. ಒಂದು ಕಾರ್ಡಿಗೆ ಒಂದು ನಡೆ. ಆ ಸ್ನೇಹಿತರಿಗೆ ಮೊಮ್ಮಕ್ಕಳು ಇ-ಮೇಲ್ ಕಲಿಸಿದ ಮೇಲೆ ಆಟ ಇಲ್ಲಿಗೆ ಬಂತು. ದಿನಕ್ಕೊಂದು ನಡೆ ಎಂದರೆ ಅಜ್ಜನ ಲೆಕ್ಕದಲ್ಲಿ ಮಿಂಚಿನ ವೇಗ.

ಆ ವೇಗಕ್ಕೇ ಕುತ್ತು ಬಂತು. ಬ್ರೌಸರ್ ತೆರೆಯುವುದು ದಿನದಿಂದ ದಿನಕ್ಕೆ ನಿಧಾನವಾಯಿತು. ಅಜ್ಜ ಅದನ್ನು ಒತ್ತಿ, ಹಿತ್ತಲಿಗೆ ಹೋಗಿ, ಪೂಜೆಗೆ ಹೂವು ಬಿಡಿಸಿಕೊಂಡು ಬಂದರೂ ಪರದೆಯ ಮೇಲೆ ಮರಳು ಗಡಿಯಾರ ತಿರುಗುತ್ತಲೇ ಇರುತ್ತಿತ್ತು. ಅದಕ್ಕೆ ಕೇಳಿಸಿಲ್ಲವೇನೋ ಎಂದು ಮತ್ತೆ ಒತ್ತುತ್ತಿದ್ದರು. ಆಗ ಮೊದಲನೆಯದೂ ಎರಡನೆಯದೂ ಕೂಡಿಯೇ ಏಳಲಾರದೆ ಏಳುತ್ತಿದ್ದವು.

ಕಾಕಾ ಒಂದು ದಿನ ಬಂದವರು ಇದನ್ನು ನೋಡಿ ತೀರ್ಪು ಕೊಟ್ಟರು: ಒಂದು, ಲೈನ್ ಸರಿಯಿಲ್ಲ. ಎರಡು, ವಯಸ್ಸಾದವರು ಏನೇನೋ ಒತ್ತಿ ಕೆಡಿಸಿದ್ದಾರೆ.

“ಅಪ್ಪಾ, ಮುಂದಿನ ಐತವಾರ ಬಂದು ಇದನ್ನ ನಮ್ಮ ಮನಿಗೆ ಒಯ್ತೀನ್ರಿ. ಹುಡುಗರ ಸಾಲಿ ಅಭ್ಯಾಸಕ್ಕರ ಆಗ್ತೈತಿ. ಇಲ್ಲಿ ಸುಮ್ನ ಕೆಡಾಕತ್ತೈತಿ.”

“ಒಯ್ಯಪಾ,” ಎಂದರು ಅಜ್ಜ. ಅಷ್ಟೇ. ಆಟ ನಡುವೆ ನಿಂತಿದೆ, ಗದಗಿನವರ ಮಂತ್ರಿ ಸಿಕ್ಕಿಬೀಳುವ ಹೊತ್ತು ಬಂದಿದೆ ಎಂದು ಹೇಳಲಿಲ್ಲ. ಅಂದು ಸಂಜೆ ಚದುರಂಗದ ಮಣೆಯನ್ನು ಮೇಜಿನಿಂದ ಎತ್ತಿ ಕಪಾಟಿನ ಮೇಲಿಟ್ಟರು, ಕಾಯಿ ಒಂದೂ ಅಲುಗದಂತೆ.

ನನಗೆ ತಡೆಯಲಾಗಲಿಲ್ಲ. ಎದುರು ಪಕ್ಷ ಆಧಾರವಿಲ್ಲದೆ ಗೆದ್ದುಹೋದರೆ ನನಗೆ ನಿದ್ದೆ ಬರುವುದಿಲ್ಲ. ಮೊದಲು ಲೈನಿನ ವಾದವನ್ನು ಹಿಡಿದೆ. ಗೋಡೆಯಿಂದ ಫೋನಿನ ವಾಯರ್ ಕಿತ್ತೆ. ಈಗ ಮನೆಗೆ ಲೈನೇ ಇಲ್ಲ. ಬ್ರೌಸರ್ ಒತ್ತಿದೆ. ಅದು ಮೊದಲಿನಷ್ಟೇ ನಿಧಾನವಾಗಿ ತೆರೆಯಿತು. ಅಂದರೆ ತಪ್ಪು ಹೊರಗಿನಿಂದ ಬರುತ್ತಿಲ್ಲ, ಒಳಗೇ ಇದೆ. ಮೊದಲನೆಯ ವಾದ ಬಿತ್ತು.

ಎರಡನೆಯದಕ್ಕೆ ಅಜ್ಜನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತೆ. ಬ್ರೌಸರ್ ತೆರೆದಾಗ ನೋಡಿದರೆ, ವಿಳಾಸ ಬರೆಯುವ ಜಾಗದ ಕೆಳಗೆ ಪಟ್ಟಿಯ ಮೇಲೆ ಪಟ್ಟಿ: ಹವಾಮಾನ ಹೇಳುವ ಟೂಲ್‌ಬಾರ್, ಹುಡುಕಿ ಕೊಡುವ ಟೂಲ್‌ಬಾರ್, ನಗುವ ಮುಖಗಳ ಟೂಲ್‌ಬಾರ್, ಅಮೆರಿಕದ ಯಾವುದೋ ಊರಿನ ರಾಶಿಫಲದ್ದು ಇನ್ನೊಂದು. ಅರ್ಧ ಎಳೆದ ಅಂಗಡಿಯ ಶಟರ್ ಕೆಳಗಿನಿಂದ ಇಣುಕಿದ ಹಾಗೆ, ಉಳಿದ ಸಂದಿಯಲ್ಲಿ ಅಜ್ಜ ತಮ್ಮ ಮೇಲ್ ಓದುತ್ತಿದ್ದರು. ಬ್ರೌಸರ್ ಏಳುವಾಗ ಇಷ್ಟೂ ಜನರನ್ನು ಹೊತ್ತುಕೊಂಡೇ ಏಳಬೇಕಿತ್ತು. ನಾನು ನೋಡುತ್ತಿದ್ದಂತೆಯೇ ಇನ್ನೊಂದು ಪುಟ್ಟ ಕಿಟಕಿ ತೆರೆದು, ತಾನೂ ಬರಲೇ ಎಂದು ಇಂಗ್ಲಿಷಿನಲ್ಲಿ ಕೇಳಿತು. ಅಜ್ಜ ಕನ್ನಡಕ ಸರಿಮಾಡಿಕೊಂಡು ಪೂರ್ತಿ ಓದಿ, ‘ಯೆಸ್’ ಒತ್ತಿದರು.

“ಯಾಕ ಒತ್ತಿದ್ರಿ ಅಜ್ಜಾ?”

“ಪ್ಲೀಸ್ ಅಂತ ಕೇಳಾಕತ್ತೈತಲ್ಲ ತಂಗಿ. ಅಷ್ಟ ಮರ್ಯಾದಿಲೇ ಕೇಳಿದವರಿಗೆ ಮಾರಿ ಮುರದಂಗ ಇಲ್ಲ ಅನ್ನೋದು ಹೆಂಗ?”

ನಮ್ಮ ಮನೆಯಲ್ಲಿ ಇದಕ್ಕೆ ಎದುರು ವಾದವಿಲ್ಲ. ಊದಿನಕಡ್ಡಿ ಮಾರಲು ಬಂದವನೂ ಚಹಾ ಕುಡಿಯದೆ ಗೇಟು ದಾಟಿದ್ದು ನಾನು ಕಂಡಿಲ್ಲ. ಟೂಲ್‌ಬಾರುಗಳೂ ಹಾಗೆ ಬಂದು ಕೂತಿದ್ದವು, ಏಳುವ ಮಾತಿಲ್ಲದೆ.

ಶನಿವಾರ ಇಡೀ ಮಧ್ಯಾಹ್ನ ನಾನು ಅವನ್ನು ಒಂದೊಂದಾಗಿ ತೆಗೆದೆ. ಪ್ರತಿಯೊಂದೂ ಹೊರಡುವ ಮುನ್ನ, ನಿಜವಾಗಿಯೂ ಕಳಿಸುತ್ತೀರಾ ಎಂದು ಕೇಳುತ್ತಿತ್ತು. “ನೋಡು, ಹೊಂಟಾಗನೂ ಹೇಳೇ ಹೊಂಟಾವು,” ಎಂದು ಹಿಂದೆ ನಿಂತ ಅಜ್ಜ ಲೊಚಗುಟ್ಟಿದರು. ಇನ್ನು ಮುಂದೆ ‘ನೋ’ ಒತ್ತಬೇಕು ಎಂದರೆ ಅವರ ಬೆರಳು ಏಳಲೊಲ್ಲದು. ಕಡೆಗೆ ಮೂಲೆಯ ಗುಣಾಕಾರ ಚಿಹ್ನೆ ತೋರಿಸಿದೆ. ಇದು ಇಲ್ಲ ಅಂದಂಗಲ್ಲರಿ, ಚಿಲಕಾ ಹಾಕದ ಬಾಗಲಾ ಮುಂದ ಮಾಡಿದಂಗ ಅಷ್ಟ, ಎಂದೆ. ಗಣಿತದ ಮಾಸ್ತರರಿಗೆ ಆ ಚಿಹ್ನೆಯೂ ಒಪ್ಪಿತು, ವಾದವೂ ಒಪ್ಪಿತು.

ಐತವಾರ ಕಾಕಾ ಗೋಣಿಚೀಲ, ಹಗ್ಗ ಸಮೇತ ಬಂದರು. ಅಜ್ಜ ಬ್ರೌಸರ್ ಒತ್ತಿದರು. ಕಾಕಾ ಚಪ್ಪಲಿ ಬಿಡುವುದರೊಳಗೆ ಅದು ಪರದೆ ತುಂಬ ತೆರೆದು ನಿಂತಿತ್ತು. ಗದಗಿನವರ ನಡೆ ಬಂದಿತ್ತು. ಅಜ್ಜ ಕಪಾಟಿನ ಮೇಲಿಂದ ಮಣೆ ಇಳಿಸಿಕೊಂಡರು. ಗೋಣಿಚೀಲದಲ್ಲಿ ಅಜ್ಜಿ ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿ ಹಾಕಿ ಕಳಿಸಿದಳು. ಊಟದ ಹೊತ್ತಿಗೆ ನಾನು ಟೂಲ್‌ಬಾರಿನ ಸಂಗತಿ ಹೇಳಿದ್ದೆ. ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕು, ಹುಬ್ಬಳ್ಳಿ ಮುಟ್ಟಿದ ಮೇಲೆ ಊರಿಗೆಲ್ಲ ಹೇಳಿದರು. ಮರ್ಯಾದೆಯ ಕಥೆ ಹುಟ್ಟಿದ್ದು ಹೀಗೆ. ನಾನೂ ಅದನ್ನೇ ನಂಬಿದ್ದೆ, ದೀಪಾವಳಿಗೆ ಕಾಕಾನ ಮನೆಗೆ ಹೋಗುವ ತನಕ.

ಅಲ್ಲಿ ಕಾಕಾ ಯಾರಿಗೋ ಫೋನಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದರು. “ಅದು ಏನರ ಕೇಳ್ಲಿ, ಯೆಸ್ ಒತ್ಕೋತ ಹೋಗ್ರಿ. ಸಾರೆ ಸಾರೆ ನನಗ ಫೋನ್ ಮಾಡೂದು ಬ್ಯಾಡ. ನಮ್ಮ ಅಪ್ಪಗೂ ಮೊದಲ ದಿನಾನ ಹಿಂಗ ಹೇಳಿಟ್ಟೇನಿ.”

ಕೈಯಲ್ಲಿ ಚಕ್ಕುಲಿ ಹಿಡಿದು ಹಾಗೇ ನಿಂತೆ. ಅಂದರೆ ಅಜ್ಜನಿಗೆ ಇದು ಮಗನ ಅಪ್ಪಣೆ. ಅಂದು ಕೆಡಿಸಿದ ಆರೋಪ ತಮ್ಮ ಮೇಲೆ ಬಂದಾಗ, ನೀನೇ ಹೇಳಿದ್ದಲ್ಲವೇ ಎಂಬ ಒಂದು ಮಾತು ಸಾಕಿತ್ತು. ಅವರು ಆಡಿದ್ದು ‘ಒಯ್ಯಪಾ’ ಎಂಬ ಮಾತು. ಆದರೆ ಪ್ಲೀಸ್ ಓದಿದಾಗ ಅವರ ಮುಖ ಮೆತ್ತಗಾದದ್ದನ್ನೂ ನಾನೇ ಕಂಡವಳು. ಎರಡೂ ಸಾಕ್ಷಿ ಗಟ್ಟಿ. ನಾನು ಯಾವ ಪಕ್ಷದಲ್ಲಿ ನಿಂತು ವಾದಿಸಲಿ?

ಧಾರವಾಡಕ್ಕೆ ಮರಳಿದ ಸಂಜೆ ಅಜ್ಜ ಹೊಸ ಆಟ ಹೂಡಿಕೊಂಡು ಕೂತಿದ್ದರು. ಹಿಂದಿನದು ಗೆದ್ದಾಗಿತ್ತು. ಬ್ರೌಸರ್ ತೆರೆದೇ ಇತ್ತು, ಕಸೂತಿ ಬಟ್ಟೆ ಮಡಚಿ ಪಕ್ಕಕ್ಕಿತ್ತು. ನಾನು ಎದುರಿಗೆ ಕೂತು, ಫೋನಿನಲ್ಲಿ ಕೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಅವರು ಕುದುರೆಯನ್ನು ಎತ್ತಿ ಹಿಡಿದು, ಎಲ್ಲಿಡುವುದೆಂದು ಮಣೆಯನ್ನೇ ನೋಡುತ್ತಿದ್ದರು.

“ಒಂದ ಹೇಳ್ರಿ ಅಜ್ಜಾ. ನಿಮಗ ಇಲ್ಲ ಅನ್ನಾಕ ಆಗದ್ದು ಆ ಕಿಟಕಿಗೇನು, ನಿಮ್ಮ ಮಗಗೇನು?”