ಎಂಟು ಖಾಲಿ ಪುಟಗಳ ಸಂಪಾದಕಿ

ಇಂದು ನಿವೃತ್ತರಾಗುತ್ತಿರುವ ನಮ್ಮ ಪೂಜ್ಯ ಗುರುಗಳಿಗೆ ಸಂಖ್ಯಾಶಾಸ್ತ್ರದ ಲೋಕದಲ್ಲಿರುವ ಸ್ಥಾನವನ್ನು ಬಲ್ಲವರು ಈ ಅಭಿನಂದನಾ ಸಂಪುಟದಲ್ಲಿ ವಿವರಿಸಿದ್ದಾರೆ. ಆ ವಿಷಯದಲ್ಲಿ ಎರಡು ಸಲ ಡುಮ್ಕಿ ಹೊಡೆದ ನಾನಾದರೋ, ಅವರು ಮೂವತ್ತೊಂದು ವರ್ಷ ನಡೆಸಿದ ನಮ್ಮ ಕಾಲೇಜಿನ ವಿದ್ಯಾರ್ಥಿ ಪತ್ರಿಕೆಯ ಬಗ್ಗೆ ಮಾತ್ರ ಬರೆಯಬಲ್ಲೆ.

ಭಾಷಾ ವಿಭಾಗದವರೆಲ್ಲ ಕೈತೊಳೆದುಕೊಂಡಿದ್ದ ಆ ಪತ್ರಿಕೆ, ಹೊಸಬರೆಂಬ ಕಾರಣಕ್ಕೆ ಅವರ ತಲೆಗೆ ಬಿತ್ತು. ಆಗ ಅದು ಮೆಟ್ಟಿಲ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಗುಂಡುಸೂಜಿ ಚುಚ್ಚಿಸಿಕೊಂಡಿದ್ದ ಏಳೆಂಟು ಹಾಳೆ. ಅವರು ಅದನ್ನು ಅಚ್ಚಿಗೆ ತಂದರು, ಚಿತ್ರಕಲೆಗೂ ಜಾಗ ಕೊಟ್ಟರು. ಯಾರ ಬರಹವನ್ನೇ ಆಗಲಿ ಪೆನ್ಸಿಲ್ಲಿನಲ್ಲಿ ತಿದ್ದಿ, ಜೊತೆಗೊಂದು ರಬ್ಬರ್ ಇಟ್ಟು ಹಿಂದಿರುಗಿಸುವರು. "ನಾನು ತಿದ್ದಿದ್ದು ಸರಿ ಅನ್ನಿಸ್ಲಿಲ್ಲ ಅಂದ್ರೆ ಅಳಿಸ್ಬಿಡು" ಎನ್ನುವರು. ಹಾಗಾಗಿ ನಮಗವರು ಪೆನ್ಸಿಲ್ ಮೇಡಂ. ತಮ್ಮದೊಂದು ಸಾಲನ್ನೂ ಅವರು ಅಲ್ಲಿ ಪ್ರಕಟಿಸಲಿಲ್ಲ. ಸಂಪಾದಕರು ಬರೆದರೆ ಮಕ್ಕಳ ಜಾಗ ಹೋಗುತ್ತದೆಂಬುದು ಅವರ ಹಟ.

ನಾನು ವಿದ್ಯಾರ್ಥಿ ಸಂಪಾದಕನಾದ ವರ್ಷ ಪ್ರಾಂಶುಪಾಲರು ಖಡಾಖಂಡಿತವಾಗಿ ಹೇಳಿದರು: "ಇದನ್ನ ಯಾರೂ ಓದಲ್ಲ ಮೇಡಂ. ಓದ್ತಾರೆ ಅಂತ ತೋರಿಸಿ, ಇಲ್ಲಾಂದ್ರೆ ಇದೇ ಕೊನೇ ಸಂಚಿಕೆ." ಅಂಥ ಸಂಚಿಕೆಯಲ್ಲೇ ನಾನೊಂದು ಘನಕಾರ್ಯ ಮಾಡಿದೆ. ಕಥೆ, ಕವಿತೆ, ಚಿತ್ರಗಳ ನಡುವೆ ಗುರುತಿಗೆಂದು ಇಟ್ಟಿದ್ದ ಖಾಲಿ ಹಾಳೆಗಳನ್ನು ತೆಗೆಯದೆ ಮುದ್ರಣಾಲಯಕ್ಕೆ ಕೊಟ್ಟೆ. ಮುದ್ರಕರು ನಿಷ್ಠೆಯಿಂದ ಅವಕ್ಕೂ ಪುಟಸಂಖ್ಯೆ ಹಾಕಿ ಹೊಲಿದು ಕಳಿಸಿದರು. ಮುನ್ನೂರು ಪ್ರತಿ, ಒಂದೊಂದರಲ್ಲೂ ಎಂಟು ಪುಟ ಬಿಳುಪು! ಒಂದು ಪ್ರತಿ ಹಿಡಿದು ಅಳುತ್ತಲೇ ಮೇಡಂ ಬಳಿಗೆ ಓಡಿದೆ.

ಮೇಡಂ ಪುಟ ತಿರುವಿ ನೋಡಿ ನಕ್ಕರು. "ಅಳ್ತಾ ಕೂರ್ಬೇಡ. ನಾವು ಹೇಳಿದ್ದಾಯ್ತು, ಓದೋರಿಗೂ ಏನಾದ್ರೂ ಹೇಳೋದಿದ್ಯೇನೋ ನೋಡೋಣ. ಹೋಗಿ ದಾರ ತಗೊಂಡ್ ಬಾ."

ಪ್ರತಿಯೊಂದಕ್ಕೂ ಮೋಟು ಪೆನ್ಸಿಲ್ ಕಟ್ಟಿ, ಖಾಲಿ ಪುಟ ತುಂಬಿಸಿ ಕಾಲೇಜಿಗೆ ಮರಳಿಸಿ ಎಂದು ರಕ್ಷಾಪುಟದ ಮೇಲೆ ಬರೆದು, ಕ್ಯಾಂಟೀನು, ಬಸ್ ನಿಲ್ದಾಣ, ಕ್ಷೌರದಂಗಡಿ, ಆಸ್ಪತ್ರೆಯ ಬೆಂಚುಗಳಲ್ಲಿ ಇಟ್ಟುಬಂದೆವು. ಮೂರು ವಾರ ನನಗೆ ಊಟ ರುಚಿಸಲಿಲ್ಲ. ಆಮೇಲೆ ಪ್ರತಿಗಳು ಮೈತುಂಬ ಬರೆಸಿಕೊಂಡು ಮರಳತೊಡಗಿದವು. ಬಸ್ ಚಾಲಕರೊಬ್ಬರು ತಮ್ಮ ಕನ್ನಡಿಯಲ್ಲಿ ಕಾಣುವ ಮುಖಗಳ ಚಿತ್ರ ಬಿಡಿಸಿದ್ದರು. ಇಸ್ತ್ರಿ ಅಂಗಡಿ ನಡೆಸುತ್ತಿದ್ದ ನನ್ನ ಅಮ್ಮ, ನನಗೆ ಸುಳಿವೂ ಕೊಡದೆ, ಅಂಗಿಯ ಜೇಬುಗಳಲ್ಲಿ ಸಿಕ್ಕ ಚೀಟಿಗಳ ಕಥೆ ಬರೆದಿದ್ದಳು. ದೂರದಿಂದ ಬಂದು ನೆಲೆಸಿದ್ದ ಅಜ್ಜಿಯೊಬ್ಬರು ತಮ್ಮ ಭಾಷೆಯಲ್ಲಿ ಬರೆದ ಹಾಡಿನ ಕೆಳಗೆ ಶಾಲೆಗೆ ಹೋಗುವ ಮೊಮ್ಮಗಳು ಅರ್ಥ ಬರೆದಿದ್ದಳು.

ಕಂತೆಯನ್ನು ಪ್ರಾಂಶುಪಾಲರ ಮೇಜಿನ ಮೇಲಿಟ್ಟೆವು. ತಿರುವುತ್ತಾ ಒಂದು ಪುಟದಲ್ಲಿ ಅವರ ಕೈ ನಿಂತಿತು. ಊಟಕ್ಕೆ ಕೂತಾಗಲೂ ಕಡತ ಓದುವ ಗಂಡನ ಮೇಲೊಂದು ಹನ್ನೆರಡು ಸಾಲಿನ ಪದ್ಯ. "ಅಯ್ಯೋ, ಇದು ನಮ್ಮನೆಯವಳ ಅಕ್ಷರ ಕಣ್ರೀ!" ಎಂದವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಮುಂದಿನ ಸಂಚಿಕೇಲಿ ಇದನ್ನ ಹಾಕ್ಲೇಬೇಕು." ಮುಂದಿನ ಸಂಚಿಕೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಾನು ಅವರ ಕೋಣೆಯಲ್ಲೇ ಕುಣಿದುಬಿಟ್ಟೆ.

ಅಂದಿನಿಂದ ಪ್ರತಿ ಸಂಚಿಕೆಯಲ್ಲೂ ಎಂಟು ಪುಟ ಊರಿಗೆ ಮೀಸಲು. ಊರಿಗೆ ಯಾರು ಬಂದರೂ ಅವರ ಭಾಷೆ ಪತ್ರಿಕೆಗೆ ಬಂತು. ಈಗ ಅದು ನಾಲ್ಕು ಲಿಪಿಗಳಲ್ಲಿ ಮೆರೆಯುತ್ತಿದೆ. ಅಂದು ಅಜ್ಜಿಯ ಹಾಡಿಗೆ ಅರ್ಥ ಬರೆದ ಆ ಮೊಮ್ಮಗಳೇ ಇಂದು ನಮ್ಮ ಚಿತ್ರಕಲಾ ಅಧ್ಯಾಪಕಿ, ನಾಳೆಯಿಂದ ಪತ್ರಿಕೆಯ ಸಂಪಾದಕಿ. ಇದಕ್ಕಿಂತ ದೊಡ್ಡ ಗೆಲುವು ಯಾವ ಗುರುವಿಗೆ ಬೇಕು!

ಮೇಡಂ, ನೂರು ತುಂಬುವವರೆಗೂ ಗಟ್ಟಿಮುಟ್ಟಾಗಿ ನಮ್ಮನ್ನು ತಿದ್ದುತ್ತಿರಿ. ಆದರೆ ಇನ್ನು ತಾವು ಸಂಪಾದಕರಲ್ಲ, ಬರೆಯುವುದಿಲ್ಲವೆಂಬ ಆ ಹಟಕ್ಕೆ ನೆಪವೂ ಇಲ್ಲ. ನಾನೇ ಸಂಪಾದಿಸಿದ ಈ ಸಂಪುಟದ ಕೊನೆಯ ಎಂಟು ಪುಟಗಳನ್ನು, ಈ ಸಲ ಬೇಕೆಂದೇ, ತಮಗಾಗಿ ಖಾಲಿ ಬಿಟ್ಟಿದ್ದೇನೆ. ಪೆನ್ಸಿಲ್ ಕಟ್ಟಿದ್ದೇನೆ. ರಬ್ಬರ್ ಮಾತ್ರ ಇಟ್ಟಿಲ್ಲ.