ಟೂರಿಡ್ ಬೆಸೆದ ನಲ್ಲಿ

ಆ ಒಂದು ಬೆಸುಗೆ ನೆಟ್ಟಗಾಗಿತ್ತೋ ಇಲ್ಲವೋ? ಮೂರು ದಿನಗಳಿಂದ ಈ ಪ್ರಶ್ನೆ ಟೂರಿಡ್ ಅವರನ್ನು ಒಳಗೊಳಗೇ ಕೊರೆಯುತ್ತಿದೆ. ಯಾರ ಮುಂದೂ ಆಡಿಲ್ಲ.

ವೊಸ್ ಕಣಿವೆಗೆ ಇನ್ನೂ ಬೆಳಗಿನ ಬಿಸಿಲು ಇಳಿದಿಲ್ಲ. ಹಿಂದೆ ಹಸು ಕಟ್ಟುತ್ತಿದ್ದ ಕೊಟ್ಟಿಗೆಯಲ್ಲಿ ಅವರು ಉಕ್ಕಿನ ತೊಟ್ಟಿಯೊಂದರೊಳಗೆ ಭುಜದವರೆಗೆ ಕೈ ತೂರಿಸಿ ತಡವುತ್ತಿದ್ದಾರೆ. ತೊಟ್ಟಿ ಇದೇ ಕಣಿವೆಯ ಹಿರಿಯ ಆರ್ನ್‌ಫಿನ್ ಅವರದು. ನಲ್ಲಿಗೆ ವಾಷರ್ ಹಾಕಿಸಲು ಬಂದಿದೆ. ನಲ್ಲಿಯ ಬುಡದಲ್ಲಿ ಬೆರಳಿಗೆ ತರಿ ಸಿಗುತ್ತದೆ. ಬೆರಳು ಮೂಸಿದರೆ ಹಳೆಯ ಹುಳಿ.

ಈ ಕಣಿವೆಯಲ್ಲಿ ಬಿಯರ್ ಮನೆಯಲ್ಲೇ ಆಗಬೇಕು. ಅಂಗಡಿಯ ಪಾತ್ರೆಗಳು ಯಾರ ಒಲೆಗೂ ಕೂರುವುದಿಲ್ಲ. ಟೂರಿಡ್ ಹತ್ತೊಂಬತ್ತು ವರ್ಷ ಡೇರಿಯಲ್ಲಿ ಕೊಳವೆ ಬೆಸೆದ ಹೆಂಗಸು. ಡೇರಿ ಮುಚ್ಚಿದ ದಿನ, ಗುಜರಿಗೆ ಹೊರಟಿದ್ದ ಹಾಲಿನ ತೊಟ್ಟಿಗಳನ್ನು ಟ್ರ್ಯಾಕ್ಟರಿಗೆ ಏರಿಸಿಕೊಂಡು ಬಂದರು. ಅವು ಬಿಯರ್ ಹುದುಗುವ ತೊಟ್ಟಿಗಳಾದವು. ಕೆಟ್ಟುಹೋದ ವಾಷಿಂಗ್ ಮಷೀನಿನ ತೂತಿನ ಡ್ರಮ್ಮು, ಜೂನಿಪರ್ ಸೊಪ್ಪು ಹಾಸಿ ಬಾರ್ಲಿಯ ರಸ ಸೋಸುವ ಜರಡಿಯಾಯಿತು. ತಿಂಗಳಿಗೆ ಎರಡು ತೊಟ್ಟಿ, ವಾರಕ್ಕೆ ಮೂರು ನಲ್ಲಿ. ಅರವತ್ತೆರಡು ಮನೆಗಳ ಬಿಯರ್ ಅವರ ಬೆಸುಗೆ ದಾಟಿಯೇ ಲೋಟಕ್ಕೆ ಬರುತ್ತದೆ. ಯಾವ ತೊಟ್ಟಿಯ ಮೇಲೂ ಅವರ ಹೆಸರಿಲ್ಲ.

"ಮೊದಮೊದಲು ಬಂದೋರೆಲ್ಲ 'ಯಜಮಾನ್ರು ಎಲ್ಲಿ?' ಅನ್ನೋರು. ಬೆಕ್ಕು ತೋರಿಸ್ತಿದ್ದೆ," ಎನ್ನುತ್ತಾರೆ. ಮಣಿಕಟ್ಟಿನ ಸುಟ್ಟ ಕಲೆಗಳ ಬಗ್ಗೆ ಕೇಳಿದರೆ, "ಈ ಚಳೀಲಿ ಬಿಸಿ ಸಿಕ್ಕಿದ್ದೇ ಲಾಭ."

ಮಾತು ಅಷ್ಟೇ. ಬಾರ್ಲಿಯ ರಸಕ್ಕೆ ಯೀಸ್ಟಿನ ಹೆಪ್ಪು ಹಾಕುವಾಗ ಬಿಯರಿಗೆ ಕಸುವು ಬರಲೆಂದು ಮನೆಮಂದಿಯೆಲ್ಲ ಗಂಟಲು ಹರಿಯುವಂತೆ ಕೂಗುವುದು ಇಲ್ಲಿನ ಪದ್ಧತಿ. ಕರೆದ ಮನೆಗಳಲ್ಲಿ ಟೂರಿಡ್ ಬಾಯಿ ತೆರೆಯುತ್ತಾರೆ, ದನಿ ಮಾತ್ರ ಬರುವುದಿಲ್ಲ.

ಉಕ್ಕು ಬೆಸೆಯುವಾಗ ಗಾಳಿ ತಾಗದಂತೆ ಒಳಬದಿಯಲ್ಲೂ ಆರ್ಗಾನ್ ಅನಿಲ ತುಂಬಿರಬೇಕು. ಇಲ್ಲವಾದರೆ ಒಳಮೈ ಸಕ್ಕರೆಯಂತೆ ಹರಳುಗಟ್ಟುತ್ತದೆ. ಆ ಸಂದಿಯಲ್ಲಿ ಹುಳಿ ಮನೆ ಮಾಡಿದರೆ ಯಾವ ಬ್ರಷ್ಷಿಗೂ ಸಿಗದು. ಆರ್ನ್‌ಫಿನ್ ತೊಟ್ಟಿಗೆ ನಲ್ಲಿ ಕೂರಿಸಿದ ದಿನ ಕ್ರಿಸ್ಮಸ್ ಬಿಯರಿನ ಗಡಿಬಿಡಿ, ಸಿಲಿಂಡರಿನಲ್ಲಿ ಹೊರಬದಿಗೆ ಸಾಲುವಷ್ಟೇ ಅನಿಲ. ಒಂದು ನಲ್ಲಿ ತಾನೆ ಎಂದುಕೊಂಡು ಬೆಸೆದುಬಿಟ್ಟಿದ್ದರು.

ಆ ತೊಟ್ಟಿಯಲ್ಲಿ ಆರ್ನ್‌ಫಿನ್ ಎರಡು ಸಲ ಬಿಯರ್ ಮಾಡಿದರು. ಎರಡೂ ಸಲ ಹುಳಿ. ತಪ್ಪು ಹೆಪ್ಪಿನದೆಂದು ಅವರು ತೀರ್ಮಾನಿಸಿದ್ದಾರೆ. ಅಜ್ಜಿಯ ಕಾಲದಿಂದ ಮರದ ಬಳೆಯ ಮೇಲೆ ಒಣಗಿಸಿ ಉಳಿಸಿಕೊಂಡು ಬಂದ ಮನೆತನದ ಹೆಪ್ಪು ಅದು. ಇವತ್ತು ಬೆಳಿಗ್ಗೆ ಒಲೆಗೆ ಹಾಕುತ್ತಾರಂತೆ. ಟೂರಿಡ್ ಸುಮ್ಮನಿದ್ದರೆ ಹೆಪ್ಪು ಬೂದಿಯಾಗುತ್ತದೆ. ಬಾಯಿ ಬಿಟ್ಟರೆ ನಾಳೆ ಅರವತ್ತೆರಡು ಮನೆಯವರೂ ಟಾರ್ಚ್ ಹಿಡಿದು ತಮ್ಮ ತಮ್ಮ ತೊಟ್ಟಿಯೊಳಗೆ ಇಣುಕುತ್ತಾರೆ.

ಏಳು ಗಂಟೆಗೆ ಅವರು ಆರ್ನ್‌ಫಿನ್ ಮನೆಯ ಅಡುಗೆಕೋಣೆಯಲ್ಲಿದ್ದಾರೆ. ಒಲೆಯ ಬಾಗಿಲು ತೆರೆದಿದೆ. ಎಪ್ಪತ್ತೆಂಟರ ಮುದುಕನ ಕೈಯಲ್ಲಿ ಮರದ ಬಳೆ.

"ಬಾ ಹುಡುಗಿ, ಸರಿಯಾದ ಹೊತ್ತಿಗೇ ಬಂದೆ. ನಮ್ಮಜ್ಜೀನ ಎರಡನೇ ಸಲ ಮಣ್ಣು ಮಾಡ್ತಿದೀನಿ."

"ಮೂರು ದಿನದಿಂದ ಇದೇ ನಾಟಕ," ಹೆಂಡತಿ ಮಾರ್ತಾ ಕಂದು ಚೀಸ್ ಹೆರೆಯುತ್ತ ಗೊಣಗುತ್ತಾರೆ. "ನಮ್ಮಮ್ಮ ಹೋದಾಗ ಇವರ ಕಣ್ಣಲ್ಲಿ ಒಂದು ಹನಿ ಬರಲಿಲ್ಲ."

"ನಿಮ್ಮಮ್ಮನಿಂದ ಬಿಯರ್ ಆಗ್ತಿರಲಿಲ್ವಲ್ಲೇ!"

ಮಾರ್ತಾ ನಗುತ್ತಾರೆ. ಆರ್ನ್‌ಫಿನ್ ನಗುವುದಿಲ್ಲ. ಬಳೆಯನ್ನು ಒಮ್ಮೆ ಹೆಬ್ಬೆರಳಿನಿಂದ ಸವರಿ, ಬೆಂಕಿಯತ್ತ ಕೈ ಚಾಚುತ್ತಾರೆ.

ಟೂರಿಡ್ ಆ ಕೈಯನ್ನು ಹಿಡಿದುಕೊಳ್ಳುತ್ತಾರೆ.

"ಹಾಕ್ಬೇಡಿ. ಹೆಪ್ಪು ಚೆನ್ನಾಗಿದೆ, ಆರ್ನ್‌ಫಿನ್. ಕೆಟ್ಟಿರೋದು ನನ್ನ ಬೆಸುಗೆ."