ಬಳೆಗಾರ ಬರುವ ದಿನ

ಎಂಬತ್ತರ ದಶಕದಲ್ಲಿ ಸಂಶಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಒಂಬತ್ತನೆಯ ತರಗತಿಗೆ ಒಂದು ದಿನ ‘ಟೆರಿಬಲ್’ ಎಂದರೆ ಭಯಾನಕ ಎಂದು ಹೇಳಿ, ಉದಾಹರಣೆ ಕೇಳಿದೆ. ಹುಡುಗರು ಹಾವು, ದೆವ್ವ ಎಂದು ಕೂಗಿದರು. ಹುಡುಗಿಯೊಬ್ಬಳು ಎದ್ದು, “ನಾಳೆ ನಮ್ಮ ಮನಿಗೆ ಬಳಿಗಾರ ಬರ್ತಾನ್ರಿ ಸರ್,” ಎಂದಳು.

ಹುಡುಗರು ನಕ್ಕರು. ಹುಡುಗಿಯರು ಯಾರೂ ನಗಲಿಲ್ಲ. ನಮ್ಮ ಕಡೆ ಮದುವೆಗೆ ಮುಂಚೆ ಬಳೆಗಾರನನ್ನು ಮನೆಗೆ ಕರೆಸಿ ಮದುಮಗಳಿಗೆ ಹಸಿರು ಬಳೆ ಇಡಿಸುತ್ತಾರೆ.

ಸಂಜೆ ಅವಳ ಮನೆಗೆ ಹೋದೆ. ಅವಳ ಅಪ್ಪ ಚಹಾ ಕೊಟ್ಟು, “ವರ ಹೊರಗಿನಾಂವ ಅಲ್ರಿ, ಅಕಿ ಸೋದರಮಾವನ ಅದಾನ. ಅಂಜೂದೇನೈತ್ರಿ?” ಎಂದ. ಹಾವಾದರೆ ಬಡಿಗೆ ಹುಡುಕಬಹುದಿತ್ತು. ಚಹಾ ಕುಡಿದು ಬಂದೆ.

ಪರೀಕ್ಷೆಯಲ್ಲಿ ಅದೇ ಪದಕ್ಕೆ ಉದಾಹರಣೆ ಕೇಳಿದೆ. ಎಲ್ಲರೂ ಹಾವು, ದೆವ್ವ ಎಂದೇ ಬರೆದಿದ್ದರು. ಅರ್ಥ ಗೊತ್ತಿದ್ದವಳು ಪರೀಕ್ಷೆಗೆ ಬಂದಿರಲಿಲ್ಲ.